ಹೊರಗಿನಿಂದ ಹಾಕಿದ ಚಿಲಕ

ಸೊಂಟಕ್ಕೆ ಒಂದು ಟವೆಲ್. ಮೈಯಿಂದ ಇನ್ನೂ ನೀರು ಇಳಿಯುತ್ತಿತ್ತು.

ಬಾಗಿಲು ತಳ್ಳಿದೆ. ಭುಜ ಕೊಟ್ಟು ನೂಕಿದೆ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಹೊರಗಿನಿಂದ ಯಾರೋ ಚಿಲಕ ಹಾಕಿದ್ದರು... ಯಾರೋ ಅಂತ ಯಾಕೆ ಹೇಳಲಿ? ಆ ಮನೆಯಲ್ಲಿ ಇದ್ದದ್ದು ಇಬ್ಬರೇ. ಒಬ್ಬ ನಾನು. ಇನ್ನೊಬ್ಬ ನಾನು ಹಿಡಿದು ತಂದವನು!

ಮೆಲ್ಬರ್ನಿನ ಪಾಯಿಂಟ್ ಕುಕ್ ಅನ್ನುವ ಸಬರ್ಬು. ಭಾನುವಾರ, ಬೆಳಗ್ಗೆ ಏಳೂವರೆ. ಮೂರು ದಿನಕ್ಕೆ ಬಾಡಿಗೆ ಹಿಡಿದಿದ್ದ ಒಂದು ಸಣ್ಣ ಯೂನಿಟ್. ಅದಕ್ಕಿದ್ದದ್ದು ಅದೊಂದೇ ಬಾತ್‌ರೂಮು.

ಆ ಬಾತ್‌ರೂಮನ್ನು ಜೈಲು ಮಾಡಿದವನು ನಾನೇ ಮೇಡಂ. ಶುಕ್ರವಾರವೇ ಹಾರ್ಡ್‌ವೇರ್ ಅಂಗಡಿಯಿಂದ ನಾಲ್ಕಿಂಚಿನ ಚಿಲಕ ತಂದು ಬಾಗಿಲ ಹೊರಗಡೆ ಸ್ಕ್ರೂ ಹಾಕಿ ಕೂರಿಸಿದ್ದೆ. ಒಳಗಿನ ಹಿಡಿಕೆ ಬಿಚ್ಚಿದ್ದೆ. ಕನ್ನಡಿ ಇಳಿಸಿದ್ದೆ. ಟವೆಲ್ ಹಾಕುವ ಸರಳು, ಪರದೆಯ ಕಂಬಿ, ಕೊನೆಗೆ ಟಾಯ್ಲೆಟ್ ಬ್ರಷ್ಷನ್ನೂ ಬಿಡದೆ ಕಾರಿನ ಡಿಕ್ಕಿಗೆ ತುಂಬಿದ್ದೆ. ಕಿಟಕಿ ಒಂದೂವರೆ ಅಡಿ, ಅದೂ ತೆರೆಯದ ದಪ್ಪ ಗಾಜು. ಅಲ್ಲಿಂದ ತಪ್ಪಿಸಿಕೊಳ್ಳುವ ದಾರಿ ಇಲ್ಲ ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ನಿವೇದಿತಾ ಮೇಡಂ, ನಿಮ್ಮ ಕೆಲಸ ನನ್ನ ಮಾತನ್ನು ಇಂಗ್ಲಿಷಿಗೆ ತಿರುಗಿಸುವುದಷ್ಟೇ ಅಂತ ನನಗೆ ಹೇಳಿದ್ದಾರೆ. ಅಭಿಪ್ರಾಯ ಹೇಳುವ ಹಾಗಿಲ್ಲವಂತೆ. ಮೇಲಿನ ಮಹಡಿಯ ಕೋರ್ಟಿನಿಂದ ಈ ಸೆಲ್ಲಿಗೆ ಕರೆ ಬರುವುದಕ್ಕೆ ಇನ್ನೂ ಅರ್ಧ ಗಂಟೆ ಇದೆ. ಇದನ್ನು ತಿರುಗಿಸಬೇಡಿ. ಸುಮ್ಮನೆ ಕೇಳಿ ಸಾಕು.

ನಾನು ಶಂಭುಲಿಂಗ. ಒಂದು ಕಾಲದಲ್ಲಿ ಧಾರವಾಡದಲ್ಲಿ ಸಬ್ ಇನ್ಸ್‌ಪೆಕ್ಟರ್. ಯೂನಿಫಾರ್ಮ್ ಹೋಗಿ ಒಂಬತ್ತು ವರ್ಷವಾಯಿತು. ಯಾಕೆ ಹೋಯಿತು ಅನ್ನುವುದು ಬೇರೆ ಕತೆ, ಅದರಲ್ಲಿ ನನ್ನ ಮರ್ಯಾದೆ ಹೆಚ್ಚುವಂಥದ್ದೇನೂ ಇಲ್ಲ. ಆಮೇಲೆ ಹಿಡಿದ ಕೆಲಸ ಇದು. ಜಾಮೀನಿನ ಮೇಲೆ ಹೊರಬಂದು ದೇಶ ಬಿಟ್ಟು ಓಡಿದವರನ್ನು ಹುಡುಕಿ ತರುವುದು.

ಕಠ್ಮಂಡುವಿನಲ್ಲಿ ಒಬ್ಬನನ್ನು ಹಲ್ಲಿನ ಡಾಕ್ಟರ ಕುರ್ಚಿಯಿಂದ ಎಬ್ಬಿಸಿ ತಂದಿದ್ದೇನೆ. ದುಬೈನಲ್ಲಿ ಇನ್ನೊಬ್ಬನನ್ನು ಜಿಮ್ಮಿನಿಂದ. ಎರಡೂ ಕಡೆ ಆ ದೇಶದ ಕಾನೂನನ್ನು ಕಾಲಡಿ ಹಾಕಿಕೊಂಡೇ ಬಂದೆ. ಯಾರೂ ತುಟಿ ಬಿಚ್ಚಲಿಲ್ಲ. ಆರೋಪಿ ಕಟಕಟೆಯಲ್ಲಿ ನಿಂತ ಮೇಲೆ, ಅವನು ಅಲ್ಲಿಗೆ ಹೇಗೆ ಬಂದ ಅಂತ ಕೇಳುವ ವ್ಯವಧಾನ ಯಾರಿಗಿದೆ? ನನಗೂ ಅದೇ ಅಭ್ಯಾಸವಾಗಿಬಿಟ್ಟಿತ್ತು.

ಈ ಸಲದ ಹೆಸರು ವೀರೇಂದ್ರ. ಹುಬ್ಬಳ್ಳಿಯವನು. ಲಿಫ್ಟ್ ರಿಪೇರಿಯ ಕಂತ್ರಾಟುದಾರ.

ಅಲ್ಲಿ ನಾಲ್ಕು ಅಂತಸ್ತಿನ ಒಂದು ಸೀರೆ ಅಂಗಡಿ. ಅದರ ಲಿಫ್ಟಿನ ಹಗ್ಗ ಹರಿದು ಮೂವರು ಹುಡುಗಿಯರು ಸತ್ತರು. ಮೂವರೂ ಅಲ್ಲೇ ಸೇಲ್ಸ್ ಕೆಲಸಕ್ಕಿದ್ದವರು. ಒಬ್ಬಳು ಸಂಧ್ಯಾರಾಣಿ, ಹತ್ತೊಂಬತ್ತು ವರ್ಷ. ತಿಂಗಳು ತಿಂಗಳು ಲಿಫ್ಟ್ ನೋಡಿದ್ದೇನೆ, ಸರಿಯಿದೆ ಅಂತ ವೀರೇಂದ್ರ ಸಹಿ ಮಾಡಿದ್ದ. ಹನ್ನೊಂದು ತಿಂಗಳು ಅವನು ಆ ಕಟ್ಟಡದ ಮೆಟ್ಟಿಲನ್ನೇ ಹತ್ತಿರಲಿಲ್ಲ!

ಜಾಮೀನು ಸಿಕ್ಕಿತು. ಪಾಸ್‌ಪೋರ್ಟ್ ಇಟ್ಟುಕೊಳ್ಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಟೂರಿಸ್ಟ್ ವೀಸಾ ಮಾಡಿಸಿಕೊಂಡು ಸಿಡ್ನಿಗೆ ಹಾರಿದ. ಅವನನ್ನು ಕಳಿಸಿಕೊಡಿ ಅಂತ ಆಸ್ಟ್ರೇಲಿಯಾಕ್ಕೆ ಕೇಳಬೇಕಾದ ಫೈಲು ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ಹೋಗುವಷ್ಟರಲ್ಲಿ ಮಳೆಗಾಲ ಮುಗಿದಿತ್ತು.

ಸಂಧ್ಯಾರಾಣಿಯ ತಾಯಿ ಚನ್ನಕ್ಕ ನನ್ನ ಮನೆಗೆ ಬಂದರು. ಬೈಲಹೊಂಗಲದ ಕಡೆಯ ಅಂಗನವಾಡಿ ಟೀಚರ್. ಅಳಲಿಲ್ಲ. ಅವನನ್ನು ಹೊಡೆಯುವುದು ಬೇಡ, ಬಡಿಯುವುದು ಬೇಡ, ಜಡ್ಜಿನ ಎದುರಿಗೆ ನಿಲ್ಲಿಸಿ, ಅವನ ಬಾಯಿಂದ ಒಂದು ಸಲ ಕೇಳಬೇಕು ಅಂದರು. ನಾನು ಮಾತು ಕೊಟ್ಟೆ. ನನ್ನ ಕಸುಬಿನಲ್ಲಿ ಮಾತು ಕೊಡಬಾರದು ಅಂತ ಗೊತ್ತಿದ್ದೂ ಕೊಟ್ಟೆ.

ಸಿಡ್ನಿಯಲ್ಲಿ ಹುಬ್ಬಳ್ಳಿಯವನನ್ನು ಹುಡುಕಲು ಕಂಪ್ಯೂಟರ್ ಬೇಕಾಗಿಲ್ಲ ಮೇಡಂ. ಜೋಳದ ರೊಟ್ಟಿ ಯಾರು ಮಾಡಿ ಮಾರುತ್ತಾರೆ ಅಂತ ಕೇಳಿದರೆ ಸಾಕು. ಕೆಲ್ಲಿವಿಲ್‌ನಲ್ಲಿ ನೀಲಕ್ಕ ಅಂತ ಒಬ್ಬರು. ಗಂಡ, ಹೆಂಡತಿ, ಎರಡು ಕಾರು, ಗ್ಯಾರೇಜಿನಲ್ಲಿ ರೊಟ್ಟಿ ಒಲೆ. ಮೊದಲ ದಿನವೇ ನನ್ನನ್ನು ಕೂರಿಸಿ ಬದನೆಕಾಯಿ ಎಣಗಾಯಿ ಬಡಿಸಿದರು. ಊಟದ ನಡುವೆ ಮಾತಿಗೆ ಮಾತು ಬಂದು, ವೆಸ್ಟ್‌ಮೀಡ್‌ನಲ್ಲಿ ಹೊಸದಾಗಿ ಬಂದ ಒಬ್ಬ ವಾರಕ್ಕೆ ನಲವತ್ತು ಕಟಕ್ ರೊಟ್ಟಿ ತರಿಸುತ್ತಾನೆ, ಹುಬ್ಬಳ್ಳಿ ಮಾತು, ಆದರೆ ಯಾವ ಕಾರ್ಯಕ್ರಮಕ್ಕೂ ಬರುವುದಿಲ್ಲ ಅಂದರು.

ನಾನು ಫೋಟೋ ತೋರಿಸಿದೆ. ಕತೆ ಹೇಳಿದೆ. ಅವನನ್ನು ಎತ್ತಿಕೊಂಡು ಹೋಗಲು ಬಂದಿದ್ದೇನೆ ಅಂತಲೂ ಹೇಳಿಬಿಟ್ಟೆ. ನೀಲಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ನೋಡ್ರಿ ಅಣ್ಣಾರ, ಇಲ್ಲಿ ನಮ್ಮ ಹಿತ್ತಲದಾಗಿನ ಗಿಡ ಕಡೀಬೇಕಂದ್ರೂ ಕೌನ್ಸಿಲ್ ಪರ್ಮಿಷನ್ ಬೇಕು. ನೀವು ಮನಷ್ಯಾನ್ನ ಎತ್ಕೊಂಡು ಹೋಗ್ತೀನಿ ಅಂತೀರಿ. ಪೊಲೀಸರಿಗೆ ಹೇಳ್ರಿ."

ಹೇಳಿದರೆ ಅವನು ಇನ್ನೊಂದು ಊರಿಗೆ ಹಾರುತ್ತಾನೆ ಅಂದೆ. ಅಡ್ರೆಸ್ ಮಾತ್ರ ಕೊಡುವುದಿಲ್ಲ ಅಂತ ಆಕೆ ಖಡಕ್ಕಾಗಿ ಹೇಳಿದರು. ಕೊಡುವ ಅಗತ್ಯ ಇರಲಿಲ್ಲ. ಬಾಗಿಲ ಬಳಿ ಜೋಡಿಸಿದ್ದ ರೊಟ್ಟಿ ಡಬ್ಬಿಗಳ ಮೇಲೆ ಹೆಸರು, ಫ್ಲ್ಯಾಟ್ ನಂಬರ್, ಫೋನ್ ನಂಬರ್ ಎಲ್ಲ ಅಂಟಿಸಿದ್ದರು. ಉಂಡ ಮನೆಯಲ್ಲಿ ಆ ಕೆಲಸ ಮಾಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆ ಇದೆ.

ಮೆಲ್ಬರ್ನಿನಲ್ಲಿ ಮನೆ ಸಜ್ಜು ಮಾಡಿ ಬಂದು, ಶನಿವಾರ ಬೆಳಗ್ಗೆ ಏಳಕ್ಕೆ ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರದ ಆ ಫ್ಲ್ಯಾಟಿನ ಕೆಳಗೆ ಕಾರು ನಿಲ್ಲಿಸಿದೆ. ನೀಲಕ್ಕನವರ ರೊಟ್ಟಿ ಬಂದಿದೆ, ಕೆಳಗೆ ಬನ್ನಿ ಅಂತ ಫೋನ್ ಮಾಡಿದೆ. ಹವಾಯಿ ಚಪ್ಪಲಿ ಮೆಟ್ಟಿಕೊಂಡು ಬಂದ. ನೈಟ್ ಡ್ಯೂಟಿ ಮುಗಿಸಿದ ನರ್ಸ್‌ಗಳು ಎರಡು ಹೆಜ್ಜೆ ಆಚೆ ನಡೆದು ಹೋಗುತ್ತಿದ್ದರು. ಪಕ್ಕೆಗೆ ಚೂಪಾದ್ದೊಂದು ಒತ್ತಿದೆ. ಕಾರಿನಲ್ಲಿ ಕೂತ. ಕೈಗಳಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದು ಮೇಲೆ ಶಾಲು ಹೊದಿಸಿದೆ. ಎರಡು ನಿಮಿಷದ ಕೆಲಸ!

ಪ್ಲಾನ್ ಸರಳವಾಗಿತ್ತು. ಮೆಲ್ಬರ್ನ್ ಬಂದರಿನಲ್ಲಿ ಒಂದು ಸರಕು ಹಡಗು. ಅದರಲ್ಲಿ ಸುಘೋಷ್ ಅಂತ ನನ್ನ ಹಳೆಯ ಪರಿಚಯದ ಎಂಜಿನಿಯರ್. ಭಾನುವಾರ ಸಂಜೆ ಹಡಗು ಹೊರಡುತ್ತದೆ. ಅದರಲ್ಲಿ ನಾವಿಬ್ಬರು. ಮೂರು ವಾರಕ್ಕೆ ಚೆನ್ನೈ.

ಒಂಬತ್ತು ಗಂಟೆಯ ರಸ್ತೆ. ಯಾಸ್ ಅನ್ನುವ ಊರು ದಾಟಿದ್ದೆವು ಅಷ್ಟೇ... ಕನ್ನಡಿಯಲ್ಲಿ ಕೆಂಪು ನೀಲಿ ದೀಪ. ಹೈವೇ ಪೊಲೀಸು!

ನೂರಾ ಹತ್ತರ ರಸ್ತೆಯಲ್ಲಿ ನೂರಾ ಹದಿನೆಂಟಕ್ಕೆ ಹೋಗುತ್ತಿದ್ದೆ. ಕಾರು ಬದಿಗೆ ಹಾಕಿದೆ. ಬಾಯಿ ಬಿಟ್ಟರೆ ಹುಬ್ಬಳ್ಳಿಯ ವಾರಂಟ್ ಇವರ ಕೈಗೆ ಕೊಡುತ್ತೇನೆ, ಸಂಜೆಗೆ ನೀನು ವಿಮಾನದಲ್ಲಿರುತ್ತೀಯ ಅಂತ ವೀರೇಂದ್ರನಿಗೆ ಹಲ್ಲು ಕಚ್ಚಿ ಹೇಳಿದೆ. ಪೊಲೀಸಿನವನು ಲೈಸೆನ್ಸ್ ನೋಡಿದ. ಬಗ್ಗಿ ಪಕ್ಕದವನ ಮುಖ ನೋಡಿದ. ಆರಾಮಾಗಿದ್ದೀಯಾ ಅಂತ ಕೇಳಿದ. ವೀರೇಂದ್ರ ಒಮ್ಮೆ ನನ್ನ ಕಡೆ ನೋಡಿದ.

"ಆಲ್ ಗುಡ್," ಅಂದ.

ಪೊಲೀಸಿನವನು ದಂಡದ ಚೀಟಿ ಕೊಟ್ಟು ಕಳಿಸಿದ.

ಆದರೆ ಇನ್ನೊಂದು ತೊಂದರೆ ಶುರುವಾಗಿತ್ತು. ಅವನು ನೀರು ಕುಡಿಯುತ್ತಿರಲಿಲ್ಲ. ಕೊರಳಲ್ಲಿ ಬೆಳ್ಳಿ ಕರಡಿಗೆ, ಅದರಲ್ಲಿ ಇಷ್ಟಲಿಂಗ. ಪೂಜೆ ಆಗದೆ ಹನಿ ನೀರು ಗಂಟಲಿಗೆ ಇಳಿಸುವುದಿಲ್ಲ ಅಂದ. ನಾನು ಅವನನ್ನು ಹಿಡಿದದ್ದು ಬೆಳಗಿನ ಪೂಜೆಗೆ ಮುಂಚೆ. ನಾಟಕ ಅಂದುಕೊಂಡೆ. ಮಧ್ಯಾಹ್ನ ಆಯಿತು, ಸಂಜೆ ಆಯಿತು. ಬಾಟಲಿ ಬಾಯಿಗೆ ಹಿಡಿದರೆ ಮುಖ ತಿರುಗಿಸಿದ. ಪಾಯಿಂಟ್ ಕುಕ್‌ನಲ್ಲಿ ಬಾತ್‌ರೂಮಿನಲ್ಲಿ ಕೂಡಿಹಾಕಿದರೆ, ಕಮೋಡ್ ಇರುವ ಜಾಗದಲ್ಲಿ ಲಿಂಗ ತೆಗೆಯಲಾರೆ ಅಂದ.

ಭಾನುವಾರ ಬೆಳಗ್ಗೆ ಅವನ ತುಟಿ ಒಡೆದಿತ್ತು. ಮಾತು ತೊದಲುತ್ತಿತ್ತು. ಇವನು ಸತ್ತರೆ ಚನ್ನಕ್ಕನಿಗೆ ಏನು ಕೊಂಡೊಯ್ಯಲಿ?

ಅಲ್ಲೇ ಜಳಕ ಮಾಡಿಸಿ ಹಾಲ್‌ಗೆ ಕರೆತಂದೆ. ಕೈಗಳ ಪಟ್ಟಿ ಕತ್ತರಿಸಿದೆ. ಒಂದು ಕಾಲನ್ನು ಊಟದ ಟೇಬಲ್ಲಿನ ಕಾಲಿಗೆ ಕಟ್ಟಿದೆ. ಟೇಬಲ್ಲು ಕಿಟಕಿಗೆ ಒತ್ತಿಕೊಂಡಿತ್ತು, ನಾನು ನಾಲ್ಕು ಹೆಜ್ಜೆ ದೂರ. ಪೂಜೆ ಮುಗಿಯುವವರೆಗೆ ಅಲ್ಲೇ ನಿಂತು ಕಾದಿದ್ದರೆ ನಾನು ಈ ಬೆಂಚಿನ ಮೇಲೆ ಇರುತ್ತಿರಲಿಲ್ಲ.

ಸ್ಟೀಲ್ ಲೋಟ ತೆಗೆದುಕೊಂಡು ಅಡುಗೆಮನೆಯ ನಲ್ಲಿಯ ಕೆಳಗೆ ಹಿಡಿದೆ. ಕೈ ನಿಂತುಬಿಟ್ಟಿತು.

ನನಗೆ ಎರಡು ದಿನದಿಂದ ಸ್ನಾನ ಇರಲಿಲ್ಲ.

ನಮ್ಮ ಮನೆಯಲ್ಲಿ ಮೈಲಿಗೆಯಲ್ಲಿ ಪೂಜೆಯ ನೀರು ಮುಟ್ಟಿದರೆ ಅವ್ವ ಇಡೀ ಕೊಡ ಹಿತ್ತಲಿಗೆ ಚೆಲ್ಲಿ ಮತ್ತೆ ಬಾವಿಗೆ ಕಳಿಸುತ್ತಿದ್ದಳು. ನಾನು ಲಿಂಗ ಕಟ್ಟುವುದು ಬಿಟ್ಟು ಇಪ್ಪತ್ತು ವರ್ಷ. ದೇವರ ಹಂಗೇ ಇಲ್ಲ ಅಂದುಕೊಂಡಿದ್ದೆ. ಆದರೂ ಆ ಲೋಟ ತುಂಬಿಸಲು ಕೈ ಬರಲಿಲ್ಲ ಮೇಡಂ. ಅವನು ಕೇಳಲೇ ಇಲ್ಲ. ನಾನೇ ಹೇಳಿದೆ.

"ಐದು ನಿಮಿಷ ತಡೀರಿ. ಜಳಕ ಮಾಡಿ ನೀರು ಕೊಡತೇನಿ."

"ಸಾವಕಾಶ ಮಾಡ್ರಿ ಸರ," ಅಂದ.

ಮಡಿ ಅಂತ ಬಟ್ಟೆ, ಫೋನು, ಕಾರಿನ ಕೀ ಎಲ್ಲವನ್ನೂ ಹೊರಗೇ ಇಟ್ಟೆ! ಟೇಬಲ್ಲಿಗೆ ಕಾಲು ಕಟ್ಟಿದ್ದೇನಲ್ಲ ಅನ್ನುವ ಧೈರ್ಯ. ಈ ದೇಶದ ಟೇಬಲ್ಲುಗಳನ್ನು ಡಬ್ಬದಲ್ಲಿ ತಂದು ಮನೆಯಲ್ಲಿ ಜೋಡಿಸುತ್ತಾರೆ ಅಂತ ನನ್ನ ತಲೆಗೆ ಬರಲಿಲ್ಲ. ಒಂದು ಕಾಲಿಗೆ ಒಂದೇ ಬೋಲ್ಟು. ಬದುಕೆಲ್ಲ ಲಿಫ್ಟಿನ ಬೋಲ್ಟು ತಿರುಗಿಸಿದವನಿಗೆ ಅದೆಷ್ಟು ಹೊತ್ತು?

ಬಾಗಿಲು ಗುದ್ದಿದೆ. ಬೈದೆ. ಹೆದರಿಸಿದೆ. ಹೊರಗೆ ನಲ್ಲಿಯಲ್ಲಿ ನೀರು ಬಿದ್ದ ಸದ್ದು. ಆಮೇಲೆ ನಿಶ್ಶಬ್ದ. ಓಡಿಹೋದ ಅಂದುಕೊಂಡೆ. ಓಡಿದರೆ ಹಿಡಿಯಬಹುದು, ಹಿಡಿಯುವುದೇ ನನ್ನ ಕೆಲಸ...

ಓಡಿರಲಿಲ್ಲ. ಹತ್ತು ನಿಮಿಷ ಕೂತು ಪೂಜೆ ಮುಗಿಸಿದ್ದ. ಗಟಗಟ ನೀರು ಕುಡಿದದ್ದು ಕೇಳಿಸಿತು. ಆಮೇಲೆ ನನ್ನ ಫೋನಿನಿಂದಲೇ ತುರ್ತು ನಂಬರ್ ಒತ್ತಿ ಪೊಲೀಸರನ್ನು ಕರೆದ. ಬಾಡಿಗೆ ಚೀಟಿ ನೋಡಿ ಅಡ್ರೆಸ್ ಹೇಳಿದ. ಹರಕು ಇಂಗ್ಲಿಷು, ಆದರೆ ಎಲ್ಲೂ ತಡವರಿಸಲಿಲ್ಲ. ಕುರ್ಚಿ ಎಳೆದುಕೊಂಡು ಬಾಗಿಲಿಗೆ ಆತು ಕೂತ.

ನನಗೆ ತಲೆಬುಡ ತಿಳಿಯಲಿಲ್ಲ. ಓಡಿಬಂದ ಆರೋಪಿ ತಾನಾಗಿ ಪೊಲೀಸರನ್ನು ಕರೆಯುವುದು ಎಲ್ಲಾದರೂ ಉಂಟೇ? ನಿನ್ನನ್ನೇ ಹಿಡಿದು ಊರಿಗೆ ಕಳಿಸುತ್ತಾರೆ ಅಂತ ಕೂಗಿದೆ.

"ಇಲ್ರಿ ಸರ. ನನ್ನ ವೀಸಾ ಹದಿನಾಕಕ್ಕ ಮುಗಿತಿತ್ತು. ಮುಂದೇನು ಅಂತ ತಿಳೀದ ತಿಂಗಳಾತು ನಿದ್ದಿ ಇಲ್ಲ. ನಿನ್ನೆ ಪೊಲೀಸ್ ಕೇಳಿದಾಗ ಹೆದರಿಕಿಗೆ ಬಾಯಿ ಬರಲಿಲ್ಲ. ರಾತ್ರಿ ಈ ಬಾತ್‌ರೂಮಿನ್ಯಾಗ ಕುಂತು ವಿಚಾರ ಮಾಡಿದೆ. ನಮ್ಮ ಫ್ಲ್ಯಾಟಿನ್ಯಾಗ ಒಬ್ಬಾಕಿ ಅದಾಳ. ಆಕೀನ ಹೊಡದವನ ಮ್ಯಾಲೆ ಕೇಸ್ ಆತು. ಸಾಕ್ಷಿ ಬೇಕಂತ ಸರಕಾರನ ಆಕೀಗೆ ವೀಸಾ ಕೊಟ್ಟೈತಿ, ಕೇಸ್ ಮುಗಿಯೂತನಕ."

ಒದ್ದೆ ನೆಲದ ಮೇಲೆ ಕೂತೆ.

"ಈಗ ನಿಮ್ಮ ಕೇಸಿಗೆ ನಾ ಸಾಕ್ಷಿ ಆದೆ. ಉಪಕಾರ ಮಾಡೀರಿ ಸರ."

ಸಂಧ್ಯಾರಾಣಿಯ ಹೆಸರು ಹೇಳಿದೆ. ಇನ್ನಿಬ್ಬರು ಹುಡುಗಿಯರ ಹೆಸರೂ ಹೇಳಿದೆ. ಬಾಗಿಲ ಆಚೆಯಿಂದ ಅವನು ತಗ್ಗಿದ ದನಿಯಲ್ಲಿ, ಹಿಂದಿನ ವರ್ಷವೇ ಹಗ್ಗ ಹಳೆಯದಾಗಿತ್ತು, ಬದಲಾಯಿಸಿ ಅಂತ ಅಂಗಡಿಯ ಸಾಹುಕಾರನಿಗೆ ಎರಡು ಸಲ ಹೇಳಿದ್ದೆ, ಕೇಳಲಿಲ್ಲ, ಸಹಿ ಮಾಡು ಅಂದ, ಮಾಡಿದೆ ಅಂದ. ಊರಿಗೆ ಹೋದರೆ ಸಾಹುಕಾರ ಹೊರಗೇ ಇರುತ್ತಾನೆ, ಒಳಗೆ ಹೋಗುವವನು ತಾನೊಬ್ಬನೇ ಅಂದ. ನಿಜ ಹೇಳುತ್ತಿದ್ದಾನೆ ಅಂತ ನನಗೆ ಅನ್ನಿಸಿತು. ಅದರಿಂದ ಸಿಟ್ಟು ಇನ್ನೂ ಏರಿತು.

"ಅದನ್ನ ಕೋರ್ಟಿನ್ಯಾಗ ಹೇಳೋ! ಕೇಳಾಕ ಜಡ್ಜ್ ಅದಾರ!"

"ನನ್ನ ಹಿಡಿಯೂ ಮುಂದ ನೀವು ಇಲ್ಲಿ ಕೋರ್ಟಿಗೆ ಹೋಗಿದ್ರೇನು ಸರ? ನನಗ್ಯಾಕ ಹೇಳ್ತೀರಿ?"

ಒಂಬತ್ತು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ, ಕೇಳುವ ಸ್ಥಿತಿಯಲ್ಲಿ ನಾನು ಯಾರನ್ನೂ ಇಟ್ಟಿರಲಿಲ್ಲ. ಸೈರನ್ ಹತ್ತಿರವಾಗುತ್ತಿತ್ತು. ನಾನು ಟವೆಲ್ ಬಿಗಿ ಮಾಡಿಕೊಂಡು ಎದ್ದು ನಿಂತೆ. ಬಾಗಿಲು ತೆರೆದಾಗ ನಾಲ್ವರು ಪೊಲೀಸರು, ಅವರ ಹಿಂದೆ ಹಣೆತುಂಬ ವಿಭೂತಿಯ ವೀರೇಂದ್ರ. ಸಂಜೆ ಸುಘೋಷನ ಹಡಗು ಹೋಯಿತು.

ಸರಕಾರ ಕೊಟ್ಟ ನನ್ನ ವಕೀಲೆ, ಮಿಸ್ ಟ್ರಾನ್, ನಿಮಗೆ ಗೊತ್ತು. ಸಣ್ಣ ಹುಡುಗಿ, ದೊಡ್ಡ ಬುದ್ಧಿ. ಮೊದಲ ದಿನವೇ ಕೇಳಿದಳು, ಅವನ ವೀಸಾ ಯಾವಾಗ ಮುಗಿಯುತ್ತದೆ ಅಂತ ವಿಚಾರಿಸಲಿಲ್ಲವಾ ಅಂತ. ಒಂಬತ್ತು ದಿನ ಸುಮ್ಮನಿದ್ದು, ಹದಿನೈದನೇ ತಾರೀಖು ಇಮಿಗ್ರೇಷನ್‌ನವರಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತಂತೆ. ಹಿಡಿದು ವಿಮಾನ ಹತ್ತಿಸುತ್ತಿದ್ದರಂತೆ. ಟಿಕೆಟ್ಟೂ ಅವರದೇ! ಬೀಗ, ಬಾಗಿಲು, ಬಂದರು, ಹಡಗು ಎಲ್ಲ ನೋಡಿದ್ದೆ. ಆ ತಾರೀಖು ಒಂದನ್ನು ನೋಡಿರಲಿಲ್ಲ.

ಇಲ್ಲಿ ನಿಮ್ಮಂಥವರು ವೀಸಾ, ಪಿಆರ್ ಅಂತ ಎಷ್ಟು ವರ್ಷ ಕಾದಿದ್ದೀರಿ ಅಂತ ನನಗೆ ಗೊತ್ತಿಲ್ಲ ಮೇಡಂ. ಅವನಿಗೆ ನಾನು ಎರಡು ದಿನದಲ್ಲಿ ಕೊಡಿಸಿದೆ.

ನಿನ್ನೆ ಮಿಸ್ ಟ್ರಾನ್ ಖುಷಿಯಾಗಿ ಬಂದಿದ್ದಳು. ನೀವೇ ತಿರುಗಿಸಿ ಹೇಳಿದಿರಿ. ಕೇಸು ಗೆಲ್ಲಬಹುದಂತೆ. ಹೈವೇ ಪೊಲೀಸಿನವನ ಎದೆಯ ಕ್ಯಾಮೆರಾದಲ್ಲಿ ವೀರೇಂದ್ರ 'ಆಲ್ ಗುಡ್' ಅಂದದ್ದು ಸ್ಪಷ್ಟವಾಗಿದೆ. ಬಾತ್‌ರೂಮಿಗೆ ಪೊಲೀಸರು ಬಂದಾಗ ಒಳಗೆ ಕೂಡಿಹಾಕಿಸಿಕೊಂಡವನು ನಾನು, ಹೊರಗೆ ಆರಾಮಾಗಿ ಕೂತವನು ಅವನು. ಜ್ಯೂರಿಯವರು ನಗುತ್ತಾರಂತೆ. ತಪ್ಪು ಮಾಡಿಲ್ಲ ಅನ್ನಿ, ಜಾಮೀನು ಕೇಳೋಣ, ವಿಚಾರಣೆಗೆ ಎರಡು ವರ್ಷ ಹಿಡಿದರೂ ಬಿಡುಗಡೆ ಖಂಡಿತ ಅಂದಳು. ತಪ್ಪೊಪ್ಪಿಕೊಂಡರೆ ಆರು ವರ್ಷ.

ಆ ಎರಡು ವರ್ಷ ವೀರೇಂದ್ರ ಎಲ್ಲಿರುತ್ತಾನೆ ಅಂತ ಕೇಳಿದೆ.

ಇಲ್ಲೇ, ಅವನು ಸಾಕ್ಷಿಯಲ್ಲವೇ ಅಂದಳು. ಆಮೇಲೆ ಬೇರೆ ಅರ್ಜಿ, ಅದರ ಮೇಲೆ ಅಪೀಲು...

ಮತ್ತೆ, ನಾನು ತಪ್ಪೊಪ್ಪಿಕೊಂಡರೆ?

ಆ ಹುಡುಗಿ ಪೆನ್ನು ಕೆಳಗಿಟ್ಟಳು. ವಿಚಾರಣೆಯೇ ಇಲ್ಲದಿದ್ದರೆ ಸಾಕ್ಷಿ ಬೇಕಾಗುವುದಿಲ್ಲ, ಅವನಿಗೆ ಇಲ್ಲಿ ಇರಲು ಕಾರಣವೂ ಇರುವುದಿಲ್ಲ ಅಂದಳು. ಆಮೇಲೆ, ಹುಚ್ಚು ಕೆಲಸ ಮಾಡಬೇಡಿ ಅಂದಳು. ಅದನ್ನು ತಿರುಗಿಸುವಾಗ ನಿಮ್ಮ ದನಿ ಸ್ವಲ್ಪ ನಡುಗಿತು, ನಾನು ಗಮನಿಸಿದೆ.

ನನ್ನ ಮಗಳು ಆದ್ಯಾ ಈಗ ಎಂಟನೇ ಕ್ಲಾಸು. ಆರು ವರ್ಷ ಅಂದರೆ ಅವಳು ಡಿಗ್ರಿ ಓದುತ್ತಿರುತ್ತಾಳೆ. ಅಪ್ಪ ಕಿಡ್ನ್ಯಾಪ್ ಮಾಡಿ ಜೈಲಿನಲ್ಲಿದ್ದಾನೆ ಅಂತ ಗೆಳತಿಯರಿಗೆ ಹೇಳಬೇಕು. ಸಂಕಟ ಆಗುತ್ತದೆ ಮೇಡಂ. ರಾತ್ರಿಯೆಲ್ಲ ಗೋಡೆ ನೋಡುತ್ತ ಇದನ್ನೇ ಲೆಕ್ಕ ಹಾಕಿದೆ. ಹೊರಗೆ ಹೋದರೆ ಅವನು ಉಳಿಯುತ್ತಾನೆ. ಒಳಗೆ ಉಳಿದರೆ ಅವನು ಹೋಗುತ್ತಾನೆ. ಮೂರನೆಯದು ಇಲ್ಲ.

ಇವತ್ತು ಬೆಳಗ್ಗೆ ಜೈಲಿನ ಫೋನಿನಿಂದ ಚನ್ನಕ್ಕನಿಗೆ ಮಾತಾಡಿದೆ. ಎಲ್ಲ ಹೇಳಿದೆ. ನನ್ನ ಕಡೆಯಿಂದ ತಪ್ಪಾಯಿತು ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಆಕೆ ನನ್ನ ಊಟ ಆಯಿತಾ ಅಂತ ವಿಚಾರಿಸಿದರು. ಆಮೇಲೆ ಒಂದೇ ಮಾತು.

"ಅಂವ ಬರತಾನೇನ್ರೀ?"

ಫೋನಿನ ಸಮಯ ಮುಗಿದು ಲೈನ್ ಕಟ್ಟಾಯಿತು.

ಅಗೋ, ಕಾವಲಿನವನು ಬಂದ. ಏಳಿ, ಹೋಗೋಣ. ಓಡಿಹೋದವನನ್ನು ನಾವೇ ನುಗ್ಗಿ ಹಿಡಿಯಬೇಕಾ, ಕಾನೂನಿನ ದಾರಿ ಕಾಯಬೇಕಾ ಅಂತ ಮಿಸ್ ಟ್ರಾನ್ ನನ್ನನ್ನು ಕೇಳಿದ್ದಳು. ಮೊದಲಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಈಗ ಕೇಳಿದರೆ ಕಾಯಿರಿ ಅನ್ನುತ್ತೇನೆ. ಕಾಯಲು ಬರದವನಿಗೆ ಅವರು ಇಲ್ಲಿ ಆರು ವರ್ಷ ಕಲಿಸುತ್ತಾರೆ.

ಮೇಲೆ ಕೋರ್ಟಿನಲ್ಲಿ ವೀರೇಂದ್ರನೂ ಬಂದು ಕೂತಿರುತ್ತಾನೆ, ಹೊಸ ಶರ್ಟ್ ಹಾಕಿಕೊಂಡು. ಜಡ್ಜ್ ಕೇಳಿದಾಗ ನಾನು ಒಪ್ಪಿಕೊಂಡೆ ಅನ್ನುತ್ತೇನೆ. ನೀವು ಅದನ್ನು ಇಂಗ್ಲಿಷಿನಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳಿ, ಹಿಂದಿನ ಸಾಲಿಗೂ ಕೇಳಿಸಬೇಕು.

ಅವನು ಊರಿಗೆ ಹೊರಡಲಿ. ಆಸ್ಟ್ರೇಲಿಯಾದಲ್ಲಿ ಸೆಟ್ಲ್ ಆಗುವವನು ನಾನು.